ಕ್ಯಾಮೆರಾ ಅದರೀ, ರೆಕಾರ್ಡಿಂಗ್ ಇಲ್ರೀ

ರಾಯಚೂರಿನಲ್ಲಿ ಯಾವ ಆಫೀಸಿಗೆ ಹೋದರೂ ಗೋಡೆ ಮೇಲೆ ಒಂದು ಬೋರ್ಡ್ ಕಾಣುತ್ತದೆ. ‘ನೀವು ಸಿಸಿ ಕ್ಯಾಮೆರಾ ಕಣ್ಗಾವಲಿನಲ್ಲಿದ್ದೀರಿ.’ ಇಡೀ ವ್ಯವಸ್ಥೆಯಲ್ಲಿ ಗ್ಯಾರಂಟಿಯಾಗಿ ಕೆಲಸ ಮಾಡುವುದು ಈ ಬೋರ್ಡ್ ಒಂದೇ. ಅದಕ್ಕೆ ಕರೆಂಟ್ ಬೇಡ, ಪಾಸ್‌ವರ್ಡ್ ಬೇಡ, ನಮ್ಮ ಏಪ್ರಿಲ್ ಬಿಸಿಲಿಗೂ ಅದು ಹ್ಯಾಂಗ್ ಆಗಲ್ಲ.

ಬೋರ್ಡ್ ನಂಬಿ ಅದರ ಕೆಳಗೇ ಬೈಕ್ ನಿಲ್ಲಿಸಿ, ವಾಪಸ್ ಬಂದಾಗ ಬೈಕ್ ಇಲ್ಲದೆ, ನಡೆದುಕೊಂಡೇ ಒಳಗೆ ಹೋದವರನ್ನು ಕೇಳಿ ನೋಡಿ. ಸಂಭಾಷಣೆ ಎಲ್ಲ ಕಡೆ ಒಂದೇ.

“ಸರ್, ಮ್ಯಾಲೆ ಕ್ಯಾಮೆರಾ ಅದ ಅಲ್ರೀ, ಸ್ವಲ್ಪ ನೋಡ್ರಿ.”

“ಕ್ಯಾಮೆರಾ ಅದರೀ. ರೆಕಾರ್ಡಿಂಗ್ ಇಲ್ರೀ.”

ಹೋಟೆಲಿನಲ್ಲಿ ಮಿರ್ಚಿ ಖಾಲಿ ಅಂದಷ್ಟೇ ಸಲೀಸಾಗಿ ಹೇಳುತ್ತಾರೆ. ನೀವೂ ತಲೆ ಅಲ್ಲಾಡಿಸಿ ಬರುತ್ತೀರಿ.

ಯಾಕೆ ಇಲ್ಲ ಅಂತ ಯಾರೂ ಕೇಳಲ್ಲ. ಕೇಳಿದರೆ ಲೆಕ್ಕ ಹೇಳಬೇಕಾಗುತ್ತದೆ, ಆ ಲೆಕ್ಕ ಹೈಸ್ಕೂಲ್ ಹುಡುಗನಿಗೂ ಬರುತ್ತದೆ. ಒಂದು ಸಾಧಾರಣ ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಕಳಿಸಿದರೆ ದಿನಕ್ಕೆ ಸುಮಾರು 21.6 ಜಿಬಿ ಆಯಿತು. 16 ಕ್ಯಾಮೆರಾ ಇದ್ದರೆ ದಿನಕ್ಕೆ 345 ಜಿಬಿ. ಒಳಗಿರುವ ಹಾರ್ಡ್‌ಡಿಸ್ಕ್ 1 ಟಿಬಿ. ಮೂರು ದಿನಕ್ಕೇ ತುಂಬಿ, ಹಳೆಯದರ ಮೇಲೆ ಹೊಸದನ್ನು ಬರೆಯಲು ಶುರು ಮಾಡುತ್ತದೆ. ಇತ್ತ ರಾಜ್ಯದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ, ಜನ ಸೇರುವ ಕಡೆ 30 ದಿನದ ರೆಕಾರ್ಡಿಂಗ್ ಇರಬೇಕು ಅನ್ನುತ್ತದೆ. ಅಂದರೆ 10 ಟಿಬಿಗೂ ಜಾಸ್ತಿ ಜಾಗ ಬೇಕು. ಪೊಲೀಸ್ ಠಾಣೆಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಇನ್ನೂ ಮುಂದೆ ಹೋಗಿ, 18 ತಿಂಗಳು ಇಡಿ, ತೀರಾ ಆಗದಿದ್ದರೆ ಒಂದು ವರ್ಷಕ್ಕಂತೂ ಕಡಿಮೆ ಬೇಡ ಎಂದಿತು. ಕೋರ್ಟು ಲೆಕ್ಕ ಹಾಕುವುದು ತಿಂಗಳಲ್ಲಿ. ಡಿಸ್ಕ್ ಬದುಕುವುದು ದಿನದಲ್ಲಿ. ದೂರು ಕೊಡುವವನು ಮಾತ್ರ ಯಾವಾಗಲೂ ನಾಲ್ಕನೇ ದಿನ ಬರುತ್ತಾನೆ, ಯಾಕೆಂದರೆ ಮೊದಲ ಮೂರು ದಿನ ಅವನನ್ನು ಸುಮ್ನೆ ‘ನಾಳೆ ಬರ್ರಿ’ ಅಂತ ಕಳಿಸಿರುತ್ತಾರೆ.

ಡಿಸ್ಕ್ ಸತ್ತರೆ ಡಿವಿಆರ್, ಅಂದರೆ ರೆಕಾರ್ಡ್ ಮಾಡುವ ಪೆಟ್ಟಿಗೆ, ಸುಮ್ಮನೆ ಕೂರುವ ಯಂತ್ರ ಅಲ್ಲ, ಪಾಪ. ಕೀಂ ಕೀಂ ಅಂತ ಬಡಿದುಕೊಳ್ಳುತ್ತದೆ. ಸರ್ಕಾರಿ ಆಫೀಸಿನಲ್ಲಿ ಆ ತೊಂದರೆಯೊಂದು ಮಾತ್ರ ಅದೇ ದಿನ ರಿಪೇರಿ ಆಗುತ್ತದೆ. ಮೆನುವಿಗೆ ಹೋಗಿ ಬಜರ್ ಆಫ್ ಮಾಡುತ್ತಾರೆ. ಯುಪಿಎಸ್ ಕೂಡ ಹೀಗೇ ಕಿರುಚಿ ಕಿರುಚಿ ಕೊನೆಗೆ ಮೂಲೆ ಸೇರಿರುತ್ತದೆ. 1720 ಮೆಗಾವಾಟ್ ಸಾಮರ್ಥ್ಯದ ಥರ್ಮಲ್ ಸ್ಟೇಷನ್ ಶಕ್ತಿನಗರದಲ್ಲಿ ಇಟ್ಟುಕೊಂಡ ಜಿಲ್ಲೆ ನಮ್ಮದು, ಯುಪಿಎಸ್ ಯಾಕೆ ಬೇಕು ಅಲ್ವಾ?

ಹಾಗೂ ಹೀಗೂ ರೆಕಾರ್ಡಿಂಗ್ ಸಿಕ್ಕಿತು ಅಂದುಕೊಳ್ಳಿ. ಅದರ ಮೇಲೆ ತಾರೀಕು 1-1-2000 ಅಂತ ಇರುತ್ತದೆ. ಡಿವಿಆರ್ ಒಳಗೆ ಕೈಗಡಿಯಾರದಲ್ಲಿ ಇರುವಂಥ ಒಂದು ಬಟನ್ ಸೆಲ್ ಇದೆ, ಹತ್ತಾರು ರೂಪಾಯಿಯ ಸಾಮಾನು. ಅದು ಖಾಲಿಯಾದರೆ ಕರೆಂಟ್ ಹೋದಾಗಲೆಲ್ಲ ಗಡಿಯಾರ ಮೊದಲಿನಿಂದ ಶುರು. ನಿಮ್ಮ ಬೈಕ್ ಕಂಪನಿಯಿಂದ ಹೊರಬರುವ ಎಷ್ಟೋ ವರ್ಷ ಮೊದಲೇ ಕಳುವಾಗಿದೆ ಎಂದು ದಾಖಲೆ ಹೇಳುತ್ತದೆ. ಇನ್ಶೂರೆನ್ಸ್‌ನವರಿಗೆ ವಿವರಿಸಿ ನೋಡಿ.

ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ರಾತ್ರಿಯ ಕಾಯಿಲೆ. ಹಗಲಿಡೀ ಚಿತ್ರ ಗಾಜಿನಷ್ಟು ಸ್ಪಷ್ಟ. ಯಾರು ಚಹಾಕ್ಕೆ ಹೋದರು, ಯಾರ ಮೇಕೆ ಗೇಟಿನ ಒಳಗೆ ಬಂತು, ಎಲ್ಲ ಕಾಣುತ್ತದೆ. ಕತ್ತಲಾದ ಕೂಡಲೇ ಕ್ಯಾಮೆರಾ ಆಫ್ ಆಗುತ್ತದೆ, ಮತ್ತೆ ಆನ್ ಆಗುತ್ತದೆ, ಮತ್ತೆ ಆಫ್. ಜನ ದೆವ್ವ ಅಂದರು, ಕಾಂಟ್ರಾಕ್ಟರ್ ಕ್ಯಾಮೆರಾನೇ ಬದಲಿಸಬೇಕು ಅಂದ. ನಿಜ ಏನೆಂದರೆ 12 ವೋಲ್ಟ್ ಕರೆಂಟನ್ನು ನೂರು ಮೀಟರ್ ದೂರಕ್ಕೆ ಕೂದಲೆಳೆ ವೈರಿನಲ್ಲಿ ಎಳೆದಿರುತ್ತಾರೆ, ಬಿಲ್ ಮಾತ್ರ ದಪ್ಪ ವೈರಿನದು ಆಗಿರುತ್ತದೆ. ದಾರಿಯಲ್ಲೇ ಒಂದೆರಡು ವೋಲ್ಟ್ ಸೋರಿಹೋಗುತ್ತದೆ. ಹಗಲು ಅಷ್ಟರಲ್ಲೇ ಹೇಗೋ ನಡೆಯುತ್ತದೆ. ರಾತ್ರಿ ಕ್ಯಾಮೆರಾದ ಇನ್ಫ್ರಾರೆಡ್ ದೀಪಗಳು ಹೊತ್ತಿಕೊಂಡಾಗ ಕರೆಂಟ್ ಇನ್ನೂ ಜಾಸ್ತಿ ಬೇಕು, ವೋಲ್ಟೇಜ್ ಇನ್ನೂ ಕುಸಿಯುತ್ತದೆ, ಕ್ಯಾಮೆರಾ ಮಲಗುತ್ತದೆ. ದೀಪ ಆರಿತಾ, ಹೊರೆ ಇಳಿಯಿತು, ಮತ್ತೆ ಏಳುತ್ತದೆ. ಹೀಗೆ ಬೆಳಗಿನವರೆಗೂ ಏಳುವುದು ಬೀಳುವುದು. ಕಳ್ಳರು ಇಲ್ಲದ ಹೊತ್ತಲ್ಲಿ ಎಚ್ಚರ, ಅವರು ಬರುವ ಹೊತ್ತಿಗೆ ನಿದ್ದೆ. ಸರ್ಕಾರಿ ನೌಕರಿಗೆ ಇಷ್ಟು ಬೇಗ ಹೊಂದಿಕೊಂಡ ಯಂತ್ರ ಇನ್ನೊಂದಿಲ್ಲ. ವೈರ್ ಬದಲಿಸಿದರೆ ಮುಗಿಯಿತು. ಆದರೆ ವೈರ್ ಬದಲಿಸಿದ್ದಕ್ಕೆ ಉದ್ಘಾಟನೆ ಇರಲ್ಲ.

ರಾತ್ರಿ ನಿದ್ದೆ ಮಾಡದ ಕ್ಯಾಮೆರಾಗಳೂ ಇವೆ. ಅವುಗಳ ಮುಂದೆ ಜೇಡ ಬಲೆ ಕಟ್ಟಿರುತ್ತದೆ, ಇನ್ಫ್ರಾರೆಡ್ ಬೆಳಕು ಬಲೆಗೆ ಬಡಿದು ಇಡೀ ಪರದೆ ಬೆಳ್ಳಗೆ. ಒಂದು ಬಟ್ಟೆ, ಒಂದು ಏಣಿ ಸಾಕು. ‘ಎಎಂಸಿ ಮುಗಿದದ ರೀ’ ಅನ್ನುತ್ತಾರೆ, ಅಂದರೆ ವರ್ಷದ ನಿರ್ವಹಣೆಯ ಗುತ್ತಿಗೆ. ಜೇಡದ್ದು ಮುಗಿದಿರಲ್ಲ.

ಇನ್ನು ‘ಜೂಮ್ ಮಾಡ್ರಿ’ ಅನ್ನುವವರು. ಸಿನಿಮಾದಲ್ಲಿ ಮಾಡುತ್ತಾರಲ್ಲ, ಹಾಗೆ. ದೊಡ್ಡ ಸರ್ಕಲ್ ಪೂರ್ತಿ ಒಂದೇ ಕ್ಯಾಮೆರಾದಲ್ಲಿ ಬರಲಿ ಎಂದು ಅಗಲ ನೋಟದ ಲೆನ್ಸ್ ಹಾಕಿಸಿದ್ದು ನಾವೇ. 20 ಮೀಟರ್ ದೂರದಲ್ಲಿ ಬೈಕಿನ ಹಿಂದಿನ ನಂಬರ್ ಪ್ಲೇಟಿಗೆ ಅಡ್ಡಡ್ಡ ಹತ್ತು ಪಿಕ್ಸೆಲ್ ಕೂಡ ಸಿಗಲ್ಲ. ಜೂಮ್ ಮಾಡಿದರೆ ದೊಡ್ಡ ಹತ್ತು ಪಿಕ್ಸೆಲ್ ಸಿಗುತ್ತವೆ.

ನಮ್ಮ ಊರಿಗೆ ರೆಕಾರ್ಡಿಂಗ್ ಗೊತ್ತಿಲ್ಲ ಅಂತಲ್ಲ. ಕೋಟೆಯ ಪಶ್ಚಿಮದ ಗೋಡೆಯಲ್ಲಿ 41 ಅಡಿ ಉದ್ದದ ಒಂದು ಕಲ್ಲಿದೆ. 1294ರಲ್ಲಿ ಕೋಟೆ ಕಟ್ಟಿಸಿದ್ದು ಗೋರೆ ಗನ್ನಯ್ಯ ರೆಡ್ಡಿಯ ಮಾತಿನಂತೆ ವಿಠ್ಠಲ ಎಂದು ತೆಲುಗಿನಲ್ಲಿ ಕೆತ್ತಿದ್ದಾರೆ. ಅಷ್ಟೇ ಅಲ್ಲ, ಆ ಕಲ್ಲನ್ನು ಗಾಡಿ ಮೇಲೆ ಹೇರಿ ಕೋಣಗಳ ಸಾಲು ಎಳೆದು ತಂದದ್ದರ ಚಿತ್ರವೂ ಇದೆ. ಅಂದರೆ ವಿಡಿಯೋ ಸಮೇತ ದಾಖಲೆ, ತಾರೀಕು ಸರಿಯಾಗಿದೆ, ಏಳುನೂರು ವರ್ಷ ದಾಟಿದರೂ ಓವರ್‌ರೈಟ್ ಆಗಿಲ್ಲ. ಆಗ ಟೆಂಡರ್ ಯಾರಿಗೆ ಆಗಿತ್ತು ಅನ್ನುವುದು ಕೂಡ ಗೊತ್ತಾಗುತ್ತದೆ ನೋಡಿ.

ಕ್ಯಾಮೆರಾ ನಿಜವಾಗಿ ಕೆಲಸ ಮಾಡಿದ ಉದಾಹರಣೆ ಇಲ್ಲವೇ? ಇದೆ. 2024ರ ಎಸ್‌ಎಸ್‌ಎಲ್‌ಸಿ ಪರೀಕ್ಷೆ. ಆ ವರ್ಷ ವೆಬ್‌ಕಾಸ್ಟಿಂಗ್ ತಂದರು. ಕ್ಯಾಮೆರಾ ಹಾಕಿದ್ದಷ್ಟೇ ಅಲ್ಲ, ಆಚೆ ಕಡೆ ಕೂತು ನೋಡಲು ಜನರನ್ನೂ ಇಟ್ಟರು. ಹಿಂದಿನ ವರ್ಷ ಶೇಕಡ 83.89 ಇದ್ದ ಫಲಿತಾಂಶ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇಕಡ 10ರಿಂದ 20ಕ್ಕೆ ಏರಿಸಿದ ಮೇಲೆ! ಕ್ಯಾಮೆರಾ ಒಂದು ಸಲ ಸರಿಯಾಗಿ ನೋಡಿತು, ನೋಡಿದ್ದು ನಮಗೆ ಸಹಿಸಲಾಗಲಿಲ್ಲ, ಅಂಕವನ್ನೇ ರಿಪೇರಿ ಮಾಡಿದೆವು. ಇದಾದ ಮೇಲೆ ಉಳಿದ ಕ್ಯಾಮೆರಾಗಳು ಯಾಕೆ ಕೆಟ್ಟೇ ಇರುತ್ತವೆ ಅಂತ ನಾನು ಜಾಸ್ತಿ ತಲೆ ಕೆಡಿಸಿಕೊಂಡಿಲ್ಲ.

ಈಗ ಎಲ್ಲೆಡೆ ಹೊಸ ಮಾತು ಶುರುವಾಗಿದೆ. ಹಳೆಯವು ತೆಗೆದು 4ಕೆ ಕ್ಯಾಮೆರಾ ಹಾಕಬೇಕಂತೆ. ನಾಲ್ಕು ಪಟ್ಟು ಪಿಕ್ಸೆಲ್. ಡಿಸ್ಕ್ ಬಗ್ಗೆ ಯಾರೂ ಮಾತಾಡಿಲ್ಲ, ವೈರ್ ಬಗ್ಗೆ ಕೇಳುವುದೇ ಬೇಡ. ಉದ್ಘಾಟನೆಗೆ ನಿಮ್ಮನ್ನೂ ಕರೆದರೆ ತಪ್ಪದೆ ಹೋಗಿ, ಶಾಲು ಹೊದಿಸಿದರೆ ಹೊದಿಸಿಕೊಳ್ಳಿ. ಸಾಹೇಬರು ರಿಬ್ಬನ್ ಕತ್ತರಿಸಿ, ಚಪ್ಪಾಳೆ ಎಲ್ಲ ಮುಗಿದ ಮೇಲೆ, ಕಂಟ್ರೋಲ್ ರೂಮಿನಲ್ಲಿ ಕೂತ ಹುಡುಗನ ಹತ್ತಿರ ಹೋಗಿ ಮೆಲ್ಲಗೆ ಕೇಳಿ: “ತಮ್ಮಾ, ಈಗ ರಿಬ್ಬನ್ ಕತ್ತರಿಸಿದರಲ್ಲ, ಅದನ್ನೊಂದು ಸಲ ಹಾಕಿ ತೋರಿಸಪ್ಪಾ.”

ಅವನು ಮೌಸ್ ಅಲ್ಲಾಡಿಸುತ್ತಾನೆ, ಆಮೇಲೆ ಹೊರಗೆ ನಿಂತಿರುವ ಫೋಟೋಗ್ರಾಫರ್ ಕಡೆ ಕೈ ತೋರಿಸುತ್ತಾನೆ.