ಹಳೇ ಪಿಸ್ತೂಲಿಗೆ ಸುರಿದ 15,300 ರೂಪಾಯಿ

ಹೋದ ವಾರ ಪಿಸ್ತೂಲು ಹಿಡಿದು ನಿಂತ ಫೋಟೋ ಹಾಕಿದ್ದೇ ತಡ, ಊರಿಂದ ಚಿಕ್ಕಪ್ಪ ಫೋನ್ ಮಾಡಿ "ಏನೋ ಇದು, ಯಾರ ಮೇಲೋ ಸಿಟ್ಟು?" ಅಂದರು. ಯಾರ ಮೇಲೂ ಇಲ್ಲ ಚಿಕ್ಕಪ್ಪ, ಹತ್ತು ಮೀಟರ್ ದೂರದ ಒಂದು ಕಾಗದದ ಮೇಲೆ. ಇದು ಏರ್ ಪಿಸ್ತೂಲು. 4.5 ಎಂಎಂ ಸೀಸದ ಪೆಲೆಟ್ಟನ್ನು ಗಾಳಿಯಿಂದ ತಳ್ಳುತ್ತದೆ, ಅಷ್ಟೇ. ಈ ಅಳತೆಯದ್ದು, 20 ಜೂಲ್ ಒಳಗಿನದ್ದಾದರೆ ಲೈಸೆನ್ಸೂ ಬೇಡ. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ ಬೆಳ್ಳಿ ಗೆದ್ದದ್ದು ಇದೇ ಆಟದಲ್ಲಿ. ಮೊದಲು ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ ದಿವ್ಯಾ ಟಿ.ಎಸ್. ಆಮೇಲೆ ಹಿಡಿದು ಏಷ್ಯನ್ ಗೇಮ್ಸ್ ಪದಕದವರೆಗೆ ಹೋದದ್ದೂ ಇದನ್ನೇ.

ನಾನು ಎಲ್ಲಿಗೂ ಹೋಗಿಲ್ಲ. ಮೈಸೂರಿನಲ್ಲಿ ಭಾನುವಾರ ಬೆಳಿಗ್ಗೆ ರೇಂಜಿಗೆ ಹೋಗಿ 60 ಶಾಟ್ ಹೊಡೆದು, ದಾರಿಯಲ್ಲಿ ಇಡ್ಲಿ ತಿಂದು ಮನೆಗೆ ಬರುವವನು. ಆದರೆ ಮೂರು ವರ್ಷದಲ್ಲಿ ಒಂದು ವಿಷಯದಲ್ಲಿ ಮಾತ್ರ ಕೈ ಸುಟ್ಟುಕೊಂಡು ಕಲಿತಿದ್ದೇನೆ. ಹೊಸದಾಗಿ ಬಂದ ಹುಡುಗರು ಅದನ್ನೇ ಕೇಳುತ್ತಾರೆ: "ಸಾರ್, ಈಗ ಇರೋ ಪಿಸ್ತೂಲನ್ನೇ ಸರಿ ಮಾಡಿಸಿಕೊಳ್ಳಲಾ, ಇಲ್ಲ ಒಳ್ಳೇದು ತಗೊಂಡುಬಿಡಲಾ?"

ನನ್ನ ಮೊದಲ ಪಿಸ್ತೂಲು ಸೆಕೆಂಡ್ ಹ್ಯಾಂಡ್, 32 ಸಾವಿರ. ಕಂಪನಿ ಹೆಸರು ಬೇಡ. ಪ್ರತಿ ಶಾಟಿಗೂ ಒಂದು ಸಲ ಲಿವರ್ ಎಳೆದು ಗಾಳಿ ತುಂಬಬೇಕಾದ ಸಿಂಗಲ್ ಸ್ಟ್ರೋಕ್ ಜಾತಿಯದು. ಈ ಜಾತಿಯನ್ನು ಹೀಗಳೆಯುವಂತಿಲ್ಲ, ಸ್ಪ್ರಿಂಗ್ ಪಿಸ್ತೂಲಿನ ಹಾಗೆ ಒದೆಯುವುದಿಲ್ಲ, ಗಾಳಿಯ ಸಿಲಿಂಡರ್ ತುಂಬಿಸುವ ತಲೆನೋವಿಲ್ಲ. ಆದರೆ ಪ್ಲಾಸ್ಟಿಕ್ ಹಿಡಿ, ಮರಳಿನಲ್ಲಿ ಎಳೆದಂತೆ ಬರುವ ಟ್ರಿಗರ್. ಒಂದು ಶಾಟಿಗೆ ಹೆಚ್ಚೆಂದರೆ ಹತ್ತು, 60 ಶಾಟಿಗೆ 600. ನನ್ನ ಸ್ಕೋರು 520ರ ಆಸುಪಾಸು ನಿಂತುಬಿಟ್ಟಿತು. ಆರು ತಿಂಗಳು ಅಲ್ಲಾಡಲಿಲ್ಲ. ಸರಿ, ಪಿಸ್ತೂಲಿನದೇ ತಪ್ಪು ಅಂತ ತೀರ್ಮಾನ ಮಾಡಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ನಗಬೇಡಿ, ನೆಲ ನಿಜಕ್ಕೂ ಸ್ವಲ್ಪ ಡೊಂಕಾಗಿಯೇ ಇತ್ತು, ಆದರೆ ನಾನು ಅಂದುಕೊಂಡ ಕಡೆ ಅಲ್ಲ.

ಮೊದಲು ಹಿಡಿ. ಮೈಸೂರಿನಲ್ಲಿ ಮರದ ಕೆಲಸದವರಿಗೆ ಏನು ಬರ? ಒಬ್ಬರ ಹತ್ತಿರ ತೇಗದಲ್ಲಿ ಕೆತ್ತಿಸಿದೆ, 5,500. ಆಮೇಲೆ ಗುರಿ ನೋಡುವ ಹಿಂದಿನ ಸೈಟ್ ಬದಲಾಯಿಸಿದೆ, 4,800. ಗಾಳಿ ಸೋರದಂತೆ ತಡೆಯುವ ಹಳೇ ಸೀಲ್ ತೆಗೆದು ಹೊಸದು ಹಾಕಿಸಿದ್ದಕ್ಕೆ 1,800. ಟ್ರಿಗರ್ ಪಾಲಿಶ್ ಮಾಡಿಸಿ ಸ್ಪ್ರಿಂಗ್ ಬದಲಿಸಲು 3,200. ಕೂಡಿಸಿ ನೋಡಿ, 15,300. ಮೂವತ್ತೆರಡು ಸಾವಿರದ ವಸ್ತುವಿಗೆ. ಒಂದೇ ಸಲಕ್ಕೆ ಹೋಗಿದ್ದರೆ ಎದೆ ಒಡೆಯುತ್ತಿತ್ತೇನೋ, ತಿಂಗಳಿಗೊಂದು ಅಂತ ಹೋದದ್ದರಿಂದ ಗೊತ್ತೇ ಆಗಲಿಲ್ಲ. ಮೂಗಿಗಿಂತ ಮೂಗುತಿ ಭಾರ ಅಂತ ನನ್ನ ಹೆಂಡತಿ ಅಂದಾಗಲೇ ನಾನು ಲೆಕ್ಕ ಹಾಕಿದ್ದು.

ಟ್ರಿಗರ್ ಕತೆ ಹೇಳಲೇಬೇಕು. ನಮ್ಮ ಆಟದಲ್ಲಿ ಟ್ರಿಗರ್ ಕನಿಷ್ಠ 500 ಗ್ರಾಂ ಭಾರ ತಡೆಯಬೇಕು. ಪಂದ್ಯಕ್ಕೆ ಮುಂಚೆ ಎಕ್ವಿಪ್‌ಮೆಂಟ್ ಕಂಟ್ರೋಲ್ ಅಂತ ಇರುತ್ತದೆ, ಪಿಸ್ತೂಲಿನ ಬ್ಯಾರಲ್ ಮೇಲೆ ಮಾಡಿ ಹಿಡಿದು, ಟ್ರಿಗರಿಗೆ 500 ಗ್ರಾಂ ತೂಕ ಸಿಕ್ಕಿಸಿ ಎತ್ತಿಸುತ್ತಾರೆ. ಟ್ರಿಗರ್ ಬಿಡದೆ ತೂಕ ಮೇಲೆದ್ದರೆ ಪಾಸ್. ನನ್ನದರಲ್ಲಿ ತೂಕ ನೆಲ ಬಿಡುವ ಮುಂಚೆಯೇ ಟಕ್ ಅಂತು. ಮತ್ತೆ ಎತ್ತಿದೆ, ಮತ್ತೆ ಟಕ್. ಬೆಣ್ಣೆಯ ಹಾಗೆ ಬರಲಿ ಅಂತ ನಾನೇ ಹೇಳಿ ಮಾಡಿಸಿದ ಟ್ರಿಗರ್ ಅದು! ಹಿಂದೆ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ತನ್ನ ಸರದಿಗೆ ಕಾಯುತ್ತಾ ನಿಂತಿದ್ದಳು, "ಅಂಕಲ್, ಸ್ಕ್ರೂ ಡ್ರೈವರ್ ಬೇಕಾ?" ಅಂದಳು. ಬೇಕಿತ್ತು. ಸ್ಕ್ರೂ ತಿರುಗಿಸಿ ಬಿಗಿ ಮಾಡಿ ಪಾಸಾದೆ, ಆದರೆ ನಾನು ಆರು ವಾರ ಅಭ್ಯಾಸ ಮಾಡಿದ ಟ್ರಿಗರೇ ಬೇರೆ, ಅವತ್ತು ಪಂದ್ಯದಲ್ಲಿ ಕೈಯಲ್ಲಿದ್ದ ಟ್ರಿಗರೇ ಬೇರೆ. ಸ್ಕೋರ್ ಕೇಳಬೇಡಿ.

ಇಷ್ಟೆಲ್ಲ ಆದ ಮೇಲೆ ನಾನು ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಪಿಸ್ತೂಲನ್ನು ಬಟ್ಟೆ ಸುತ್ತಿ ವೈಸ್‌ಗೆ ಕಚ್ಚಿಸಿ ಹತ್ತು ಮೀಟರಿನಿಂದ ಹತ್ತು ಪೆಲೆಟ್ ಹೊಡೆದೆ. ಹತ್ತೂ ಸೇರಿ ಒಂದೇ ಹರಿದ ತೂತು, ಅಂಚಿನಿಂದ ಅಂಚಿಗೆ 14 ಎಂಎಂ. ಈಗ ಸ್ವಲ್ಪ ಲೆಕ್ಕ. ಟಾರ್ಗೆಟ್ಟಿನ ಹತ್ತರ ವೃತ್ತ 11.5 ಎಂಎಂ. ಆದರೆ ಪೆಲೆಟ್ಟಿನ ಅಂಚು ಆ ಗೆರೆಯನ್ನು ಮುಟ್ಟಿದರೂ ಹತ್ತೇ. ಪೆಲೆಟ್ 4.5 ಎಂಎಂ ಇರುವುದರಿಂದ, ನಡುಮಧ್ಯಕ್ಕೆ ಬಿದ್ದ ಗ್ರೂಪು, ಅಂದರೆ ತೂತುಗಳ ಗುಂಪು, ಅಂಚಿನಿಂದ ಅಂಚಿಗೆ 20.5 ಎಂಎಂ ಇದ್ದರೂ ಎಲ್ಲವೂ ಹತ್ತು. ಅಂದರೆ ನನ್ನ ಬಡಪಾಯಿ ಬ್ಯಾರಲ್ಲು 600ಕ್ಕೆ 600 ಹೊಡೆಯಲು ರೆಡಿ ಇತ್ತು. ನಾನು ಕಳೆದುಕೊಳ್ಳುತ್ತಿದ್ದ ಎಂಬತ್ತು ಪಾಯಿಂಟಿನಲ್ಲಿ ಬ್ಯಾರಲ್ಲಿನ ಪಾಲು ತೀರಾ ಕಡಿಮೆ. ಪಂದ್ಯಕ್ಕೆಂದೇ ಮಾಡಿದ ಒಳ್ಳೇ ಮ್ಯಾಚ್ ಪಿಸ್ತೂಲು ಇನ್ನೂ ಸಣ್ಣ ತೂತು ಮಾಡುತ್ತದೆ, ನಿಜ. ನನ್ನ ಕೈ ನಡುಗಿ ಏಳು-ಎಂಟಕ್ಕೆ ಹೋಗುವಾಗ ಅದನ್ನು ಕಟ್ಟಿಕೊಂಡು ಏನಾಗಬೇಕು?

ಹಾಗಾದರೆ ಹಳೇದರಲ್ಲೇ ಇರಬಹುದಿತ್ತಾ? ಇಲ್ಲ. ಇಲ್ಲೇ ನನಗೆ ತಡವಾಗಿ ಬುದ್ಧಿ ಬಂದದ್ದು. ನಾನು ಯಾವಾಗಲೂ ಟೋಟಲ್ ನೋಡುತ್ತಿದ್ದೆ. ಹತ್ತು ಹತ್ತು ಶಾಟಿನ ಆರು ಸೀರೀಸ್ ಬೇರೆ ಬೇರೆ ಬರೆದು ನೋಡಿರಲೇ ಇಲ್ಲ. ಒಂದು ಭಾನುವಾರದ್ದು ಹೀಗಿತ್ತು: 90, 89, 88, 87, 84, 83. ಟೋಟಲ್ 521. ಮುಂದಿನ ವಾರವೂ ಅದೇ ಇಳಿಜಾರು, ಅದರ ಮುಂದಿನ ವಾರವೂ ಅದೇ. 75 ನಿಮಿಷದಲ್ಲಿ 60 ಸಲ ಲಿವರ್ ಎಳೆಯುವುದು ಅಂದರೆ ಬಾವಿಯಿಂದ ನೀರು ಸೇದಿದ ಹಾಗೆ. ಮೊದಲ ಶಾಟ್‌ಗಳು ಶುರುವಾಗುವ ಮುಂಚೆ ಹದಿನೈದು ನಿಮಿಷದ ಸೈಟಿಂಗ್‌ನಲ್ಲೂ (ಲೆಕ್ಕಕ್ಕಿಲ್ಲದ, ಗುರಿ ಸರಿಮಾಡಿಕೊಳ್ಳುವ ಶಾಟ್‌ಗಳು) ಎಳೆದದ್ದು ಬೇರೆ. ನಲವತ್ತನೇ ಶಾಟಿಗೆ ಭುಜ ಸೋಲುತ್ತಿತ್ತು. ಹಿಡಿ ಬದಲಿಸಿದರೆ, ಸೈಟ್ ಬದಲಿಸಿದರೆ ಇದು ಸರಿಹೋಗುತ್ತದಾ? ಸಾಧ್ಯವೇ ಇಲ್ಲ.

ಗೆಳೆಯರೊಬ್ಬರು ತಮ್ಮ ಪಿಸಿಪಿ, ಅಂದರೆ ಮೊದಲೇ ಗಾಳಿ ತುಂಬಿಟ್ಟುಕೊಳ್ಳುವ ಜಾತಿಯ ಮ್ಯಾಚ್ ಪಿಸ್ತೂಲು ಒಂದು ದಿನಕ್ಕೆ ಕೊಟ್ಟರು. 200 ಬಾರ್ ಒತ್ತಡದಲ್ಲಿ ಗಾಳಿ ತುಂಬಿದ ಸಿಲಿಂಡರ್, ಪೆಲೆಟ್ ಹಾಕಿ ಲಿವರ್ ಮುಚ್ಚಿದರೆ ಮುಗಿಯಿತು. ಅವತ್ತಿನ ಸ್ಕೋರು: 86, 87, 88, 87, 88, 88. ಟೋಟಲ್ 524. ಗೆಳೆಯರ ಮುಖ ಬಾಡಿತು, ಎರಡು ಲಕ್ಷದ ಪಿಸ್ತೂಲಿಗೆ ಬರೀ ಮೂರು ಪಾಯಿಂಟಾ ಅಂತ. ನನಗೆ ಮಾತ್ರ ಖುಷಿಯೋ ಖುಷಿ. ನನ್ನ ಕೈಗೆ ಹೊಂದದ ಹಿಡಿ, ಗೊತ್ತಿಲ್ಲದ ಟ್ರಿಗರ್, ಆದರೂ ಕೊನೆಯ ಸೀರೀಸ್ ಬಿದ್ದಿರಲಿಲ್ಲ!

ಅದಕ್ಕೇ ನನ್ನ ಅಭಿಪ್ರಾಯ ಇಷ್ಟು. ಸ್ಕೋರು ಇನ್ನೂ 500 ದಾಟಿಲ್ಲ ಅಂದರೆ ಯಾವುದಕ್ಕೂ ದುಡ್ಡು ಹಾಕಬೇಡಿ. ಗೋಡೆ ನೋಡಿಕೊಂಡು ದಿನಾ ಇಪ್ಪತ್ತು ನಿಮಿಷ ಡ್ರೈ ಫೈರ್ ಮಾಡಿ, ಅಂದರೆ ಪೆಲೆಟ್ ಹಾಕದೆ ಟ್ರಿಗರ್ ಎಳೆಯುವ ಅಭ್ಯಾಸ, ಪುಕ್ಕಟೆ. ದುಡ್ಡು ಹಾಕಲೇಬೇಕು ಅನ್ನಿಸಿದರೆ, ಪಿಸ್ತೂಲು ಬದಲಾದರೂ ನಿಮ್ಮ ಜೊತೆ ಬರುವಂಥದ್ದಕ್ಕೆ ಹಾಕಿ: ಕೋಚಿಂಗ್, ಶೂ, ಕನ್ನಡಕ. ಪೆಲೆಟ್ಟಿನಲ್ಲಿ 4.48, 4.49, 4.50 ಅಂತ ತಲೆಯ ಅಳತೆ ಇರುತ್ತದೆ, ಎರಡು ಮೂರು ಡಬ್ಬ ತಂದು ನಿಮ್ಮ ಬ್ಯಾರಲ್ಲಿಗೆ ಯಾವುದು ಹಿಡಿಸುತ್ತದೆ ನೋಡಿ, ಹಳೇ ಪಿಸ್ತೂಲಿಗೆ ಮಾಡಬಹುದಾದ ಅತಿ ಅಗ್ಗದ ಉಪಕಾರ ಅದು. ಹಿಡಿ ಸರಿಯಿಲ್ಲದಿದ್ದರೆ ವುಡ್ ಪುಟ್ಟಿ, ಸ್ಯಾಂಡ್ ಪೇಪರ್ ಸಾಕು. ಟ್ರಿಗರ್ ಬಿಚ್ಚಬೇಡಿ. ದಯವಿಟ್ಟು ಬಿಚ್ಚಬೇಡಿ.

ಪ್ಯಾರಿಸ್ ಒಲಿಂಪಿಕ್ಸ್ ಆದ ಮೇಲೆ ಟರ್ಕಿಯ ಯೂಸುಫ್ ಡಿಕೆಚ್ ಫೋಟೋ ಕಳಿಸದವರೇ ಇಲ್ಲ. ಒಂದು ಕೈ ಜೇಬಲ್ಲಿ, ಮಾಮೂಲಿ ಕನ್ನಡಕ, ಬೆಳ್ಳಿ ಪದಕ. "ನೋಡಿ, ಸಾಮಾನು ಮುಖ್ಯ ಅಲ್ಲ" ಅಂತ ಕೆಳಗೆ ಒಂದು ಸಾಲು. ಅವರ ಕಣ್ಣ ಮೇಲೆ ಲೆನ್ಸು, ಪಟ್ಟಿ ಏನೂ ಇರಲಿಲ್ಲ, ಸರಿ. ಕೈಯಲ್ಲಿದ್ದದ್ದು ಮಾತ್ರ ಪಕ್ಕಾ ಮ್ಯಾಚ್ ಪಿಸ್ತೂಲು. ಅದನ್ನು ಯಾರೂ ನೋಡಲೇ ಇಲ್ಲ. ಹಾಗಂತ ದುಬಾರಿಯದ್ದು ಕೈಕೊಡುವುದಿಲ್ಲ ಅಂತಲೂ ಅಲ್ಲ. ಟೋಕಿಯೋದಲ್ಲಿ ಮನು ಭಾಕರ್ ಪಿಸ್ತೂಲು ಪಂದ್ಯದ ನಡುವೆಯೇ ಕೆಟ್ಟು ಹೋಯಿತು, ಎಷ್ಟೋ ನಿಮಿಷ ರಿಪೇರಿಗೇ ಹೋಯಿತು, 575 ಹೊಡೆದು 12ನೇ ಸ್ಥಾನ, ಫೈನಲ್ ಎರಡೇ ಪಾಯಿಂಟಿನಲ್ಲಿ ತಪ್ಪಿತು. ಅದೇ ಹುಡುಗಿ 2024ರಲ್ಲಿ ಎರಡು ಕಂಚು ತಂದಳು.

ನಾನು ಕೊನೆಗೆ ಒಂದು ಬಳಸಿದ ಪಿಸಿಪಿ ತೆಗೆದುಕೊಂಡೆ, 1 ಲಕ್ಷ 10 ಸಾವಿರ. ತೆಗೆದುಕೊಳ್ಳುವವರು ಪಿಸ್ತೂಲಿನ ಹೊಳಪು ನೋಡುವ ಮುಂಚೆ ಸಿಲಿಂಡರ್ ಮೇಲೆ ಕೊರೆದಿರುವ ತಾರೀಖು ನೋಡಿ. ಸಾಮಾನ್ಯವಾಗಿ ಹತ್ತು ವರ್ಷಕ್ಕೆ ಅದರ ಆಯಸ್ಸು ಮುಗಿಯುತ್ತದೆ, ಹೊಸ ಸಿಲಿಂಡರ್ ಅಂದರೆ ಮತ್ತೆ ದುಡ್ಡು. ನಾನು ಮೊದಲು ನೋಡಿದ ಪಿಸ್ತೂಲು 80 ಸಾವಿರಕ್ಕೆ ಸಿಗುತ್ತಿತ್ತು, ಸಿಲಿಂಡರ್ ಎರಡೂ ಮುಗಿದಿದ್ದವು, ಮಾರುವವರು ಬಾಯಿ ಬಿಟ್ಟಿರಲಿಲ್ಲ. ಗಾಳಿ ಎಲ್ಲಿ ತುಂಬಿಸುತ್ತೀರಿ ಅನ್ನುವುದನ್ನೂ ಮೊದಲೇ ಯೋಚಿಸಿ.

ನಾಲ್ಕು ತಿಂಗಳಾಯಿತು. ಈಗ 540ರ ಹತ್ತಿರ ಓಡಾಡುತ್ತಿದ್ದೇನೆ. ಹಳೇ ಪಿಸ್ತೂಲನ್ನು ಮಾರಲು ಹೊರಟರೆ ತೇಗದ ಹಿಡಿಗೆ, ಹೊಸ ಸೈಟಿಗೆ ಯಾರೂ ಒಂದು ರೂಪಾಯಿ ಜಾಸ್ತಿ ಕೊಡಲು ಒಪ್ಪಲಿಲ್ಲ, "ಒರಿಜಿನಲ್ ಹಿಡಿ ಇದೆಯಾ ಸಾರ್?" ಅಂತಲೇ ಎಲ್ಲರೂ ಕೇಳಿದ್ದು. ಆ ಪ್ಲಾಸ್ಟಿಕ್ ಹಿಡಿಯನ್ನು ಅಟ್ಟದ ಮೇಲಿಂದ ಹುಡುಕಿ ತೆಗೆದು ಹಾಕಿ, ಪಿಸ್ತೂಲನ್ನು ನಮ್ಮ ರೇಂಜಿನ ಒಬ್ಬ ಹುಡುಗನಿಗೆ ಸುಮ್ನೆ ಬಳಸಲು ಕೊಟ್ಟಿದ್ದೇನೆ. ಟ್ರಿಗರ್ ಮುಟ್ಟಿದರೆ ವಾಪಸ್ ಕಿತ್ತುಕೊಳ್ಳುತ್ತೇನೆ ಅಂತ ಹೇಳಿದ್ದೇನೆ.

ಅಂದ ಹಾಗೆ ಹೊಸದರ ಹಿಡಿ ನನ್ನ ಕೈಗೆ ಸ್ವಲ್ಪ ದೊಡ್ಡದು. ಮೊನ್ನೆ ರಾತ್ರಿ ಊಟ ಆದ ಮೇಲೆ ವುಡ್ ಪುಟ್ಟಿ ಡಬ್ಬ ತೆಗೆದು ಕೂತಿದ್ದೆ, ಹೆಂಡತಿ ಬಾಗಿಲಲ್ಲಿ ನಿಂತು ನೋಡಿ "ಶುರುವಾಯ್ತಾ?" ಅಂದಳು.