ಸತ್ಯಾಂಶ: ವಾಷಿಂಗ್ಟನ್ ಎಂಬ ಅಡ್ಡಹೆಸರಿನವರೆಲ್ಲ ಅಧ್ಯಕ್ಷರ ವಂಶದವರೇ?

‘ವಾಷಿಂಗ್ಟನ್ ಎಂಬ ಅಡ್ಡಹೆಸರಿನವರೆಲ್ಲ ಅಮೆರಿಕದ ಮೊದಲ ಅಧ್ಯಕ್ಷರ ವಂಶಸ್ಥರು, ಇಲ್ಲವೇ ಅವರ ಗುಲಾಮರ ಸಂತತಿ’ ಎಂಬ ಸಂದೇಶ ಹರಿದಾಡುತ್ತಿದೆ. ಇದು ಸರಿಯಲ್ಲ. ಜಾರ್ಜ್ ವಾಷಿಂಗ್ಟನ್ ಅವರಿಗೆ ಸ್ವಂತ ಮಕ್ಕಳೇ ಇರಲಿಲ್ಲ.

ಈ ಹೆಸರಿನ ಮೂಲ ಒಂದು ಊರು. ಈಶಾನ್ಯ ಇಂಗ್ಲೆಂಡಿನ ಡರ್ಹಮ್ ಸೀಮೆಯಲ್ಲಿ, 12ನೇ ಶತಮಾನದ ಕೊನೆಯ ಹೊತ್ತಿಗೆ, ವಿಲಿಯಂ ಡಿ ಹರ್ಟ್‌ಬರ್ನ್ ಎಂಬ ಜಮೀನುದಾರ ವೆಸಿಂಗ್ಟನ್ (ಇಂದಿನ ವಾಷಿಂಗ್ಟನ್) ಎಂಬಲ್ಲಿ ನೆಲೆ ನಿಂತು ವಿಲಿಯಂ ಡಿ ವೆಸಿಂಗ್ಟನ್ ಆದ. ‘ಡಿ’ ಎಂದರೆ ಇಂಥ ಊರಿನವನು ಎಂದಷ್ಟೇ. ಊರು ಬದಲಾದರೆ ಹೆಸರೂ ಬದಲಾಗುತ್ತಿದ್ದ ಕಾಲ ಅದು. ಹೆಸರು ತಂದೆಯಿಂದ ಮಗನಿಗೆ ಗಟ್ಟಿಯಾಗಿ ಅಂಟಿಕೊಂಡದ್ದು ಆಮೇಲೆ. ಹೆಸರಿನಲ್ಲಿ ‘ವಾಷ್’ ಎಂದಿದ್ದರೂ ಬಟ್ಟೆ ಒಗೆಯುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಕೊನೆಯ ‘ಟನ್’ ಹಳೆಯ ಇಂಗ್ಲಿಷಿನ ‘ತೂನ್’, ಅಂದರೆ ಹಳ್ಳಿ ಅಥವಾ ಜಮೀನು.

ಜಾರ್ಜ್ ಅವರ ಮುತ್ತಜ್ಜ ಜಾನ್ 1650ರ ದಶಕದಲ್ಲಿ ವರ್ಜೀನಿಯಾಕ್ಕೆ ಬಂದರು. ಆದರೆ 2000ದ ಜನಗಣತಿಯ ಪ್ರಕಾರ ಅಮೆರಿಕದಲ್ಲಿ ಈ ಹೆಸರಿನ 10 ಜನರಲ್ಲಿ ಸುಮಾರು 9 ಮಂದಿ ಕಪ್ಪು ಜನಾಂಗದವರು. ಇಲ್ಲೇ ಜನ ಎಡವುವುದು. ಗುಲಾಮಗಿರಿಯಿಂದ ಬಿಡುಗಡೆಯಾದ ಅನೇಕರು ಹೆಸರನ್ನು ತಾವೇ ಆರಿಸಿಕೊಂಡರು, ಹಳೆಯ ಒಡೆಯನದನ್ನೇ ಇಟ್ಟುಕೊಳ್ಳಬೇಕೆಂದೇನೂ ಇರಲಿಲ್ಲ. ಗುಲಾಮಗಿರಿಯಲ್ಲಿ ಹುಟ್ಟಿದ ಶಿಕ್ಷಣತಜ್ಞ ಬುಕರ್ ಟಿ. ವಾಷಿಂಗ್ಟನ್ ಅವರನ್ನೇ ನೋಡಿ: ಶಾಲೆಯಲ್ಲಿ ಹಾಜರಿ ಕರೆಯುವಾಗ ಮಿಕ್ಕವರಿಗೆಲ್ಲ ಎರಡೆರಡು ಹೆಸರಿದ್ದುದನ್ನು ಕೇಳಿದ ಹುಡುಗ, ತನ್ನ ಸರದಿ ಬಂದಾಗ ‘ಬುಕರ್ ವಾಷಿಂಗ್ಟನ್’ ಎಂದುಬಿಟ್ಟ. ಮಲತಂದೆಯ ಮೊದಲ ಹೆಸರು ವಾಷಿಂಗ್ಟನ್ ಆಗಿತ್ತು.