ಕಾಯಿ ತೇಲಿತು, ನಾನು ಮುಳುಗಿದೆ

ನನ್ನನ್ನು ಮೊದಲ ಸಲ ಬಾವಿಗೆ ಹಾಕಿದ್ದು ನಮ್ಮ ಚಿಕ್ಕಪ್ಪ. 'ಹಾಕಿದ್ದು' ಅನ್ನುವ ಮಾತನ್ನು ಬೇಕೆಂದೇ ಬಳಸಿದ್ದೇನೆ. ತಿಪಟೂರು ಕಡೆಯ ನಮ್ಮ ಊರಲ್ಲಿ ಆಗ ಈಜು ಕಲಿಸುವುದೆಂದರೆ ಅಷ್ಟೇ. ಸೊಂಟಕ್ಕೆ ಹಗ್ಗ, ಹಗ್ಗಕ್ಕೆ ಎರಡು ಒಣಗಿದ ತೆಂಗಿನಕಾಯಿ, ಹಿಂದಿನಿಂದ ಒಂದು ತಳ್ಳು. ಸಿಲಬಸ್ ಮುಗಿಯಿತು. ಬೇರೆ ಕಡೆ ಸೋರೆಬುರುಡೆ ಕಟ್ಟುತ್ತಿದ್ದರಂತೆ. ನಮ್ಮದು ತೆಂಗಿನ ಸೀಮೆ. ಅಟ್ಟದ ತುಂಬ ಕಾಯಿ ಇರುವಾಗ ಬುರುಡೆ ಹುಡುಕಿಕೊಂಡು ಹೋಗುವವರು ಯಾರು?

ನನಗೆ ಆಗ ಒಂಬತ್ತು ವರ್ಷ. ಎಷ್ಟು ಸಣ್ಣಗಿದ್ದೆ ಅಂದರೆ ಚಡ್ಡಿ ನಿಲ್ಲುವುದಕ್ಕೂ ಉಡುದಾರದ ಸಹಾಯ ಬೇಕಿತ್ತು. ಚಿಕ್ಕಪ್ಪ ಹಗ್ಗವನ್ನು ಬಿಗಿಯಾಗಿಯೇ ಕಟ್ಟಿದ್ದರು. ಆದರೆ ಕಟ್ಟು ನಿಲ್ಲಬೇಕಾದರೆ ಸೊಂಟ ಅಂತ ಒಂದು ಇರಬೇಕಲ್ವಾ? ಹೆದರಿಕೆಗೆ ಎರಡೂ ಕೈ ಮೇಲಕ್ಕೆತ್ತಿಕೊಂಡೇ ನೀರಿಗೆ ಬಿದ್ದೆ. ಬಿದ್ದವನು ಹಗ್ಗದೊಳಗಿಂದ ನುಣ್ಣಗೆ ಜಾರಿ ಕೆಳಗೆ ಹೋದೆ. ಕಾಯಿ ಎರಡೂ ಮೇಲೆ ಬಂದವು. ನಾನು ಬರಲಿಲ್ಲ.

ಚಿಕ್ಕಪ್ಪ ಧುಮುಕಿ, ಕೂದಲು ಹಿಡಿದು ಎಳೆದು ತಂದರು. ಮೆಟ್ಟಿಲ ಮೇಲೆ ಬೋರಲು ಮಲಗಿಸಿ ಕುಡಿದ ನೀರನ್ನು ಕಕ್ಕಿಸಿದರು. ಅಷ್ಟರಲ್ಲಿ ನಮ್ಮಣ್ಣ ತೇಲುತ್ತಿದ್ದ ಕಾಯಿ ಎರಡನ್ನೂ ಜೋಪಾನವಾಗಿ ಮೇಲೆ ತಂದಿದ್ದ. ಕೊಬ್ಬರಿಯಾಗುವ ಕಾಯಿಯನ್ನು ನಮ್ಮ ಕಡೆಯವರು ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಮನೆಯಲ್ಲಿ ಅಜ್ಜಿ ಚಿಕ್ಕಪ್ಪನಿಗೆ ಚೆನ್ನಾಗಿ ಬೈದು, ನನ್ನ ತಲೆ ಒರೆಸುತ್ತಾ ಹೇಳಿದರು. "ಅಳಬ್ಯಾಡ ಕಣೋ. ಬಿತ್ತನೆ ಭತ್ತ ನೀರಿಗೆ ಹಾಕ್ದಾಗ ತೇಲೋದು ಯಾವ್ದು ಹೇಳು? ಜೊಳ್ಳು. ತಳಕ್ಕೆ ಹೋಗೋದು ಗಟ್ಟಿ ಕಾಳು. ನೀನು ಗಟ್ಟಿ ಕಾಳು."

ಈ ಒಂದು ಮಾತಿನ ಮೇಲೆ ನಾನು ಮೂವತ್ತೆಂಟು ವರ್ಷ ನೀರಿಗಿಳಿಯದೆ ಬದುಕಿದೆ. ಗೋಕರ್ಣಕ್ಕೆ ಹೋದಾಗ ಪಾದ ತೊಳೆದುಕೊಂಡೆ. ತಲಕಾಡಿನಲ್ಲಿ ಎಲ್ಲರೂ ಹೊಳೆಯಲ್ಲಿ ಹೊರಳಾಡುತ್ತಿದ್ದರೆ ನಾನು ಚಪ್ಪಲಿ, ವಾಚು, ಮೊಬೈಲು ಕಾಯುತ್ತಾ ಮರದಡಿ ಕೂತೆ. ಯಾರಾದರೂ ಕರೆದರೆ ಮನಸ್ಸಿನಲ್ಲೇ 'ಜೊಳ್ಳು' ಅಂದುಕೊಂಡು ನಗುತ್ತಿದ್ದೆ.

ಆಮೇಲೆ ಬೆನ್ನು ನೋವು ಶುರುವಾಯಿತು. ಡಾಕ್ಟರು ಈಜಿ ಅಂದರು. ನಮ್ಮ ಷಡ್ಡಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ, "ಬನ್ನಿ ಅಣ್ಣಾ, ನಾನೂ ಬರ್ತೀನಿ, ಇಬ್ರೂ ಕಲಿಯೋಣ" ಅಂದ. ಅವನ ತೂಕ 96 ಕೆಜಿ. ನನ್ನದು 57. ನಾನು ಮನಸ್ಸಿನಲ್ಲಿ ಒಂದು ಲೆಕ್ಕ ಹಾಕಿದೆ. ಇವನು ಮುಳುಗುವಷ್ಟು ನಾನಂತೂ ಮುಳುಗುವುದಿಲ್ಲ. ಎಂಟನೇ ಕ್ಲಾಸಿನಲ್ಲಿ ವಿಜ್ಞಾನದ ಮೇಷ್ಟ್ರು ಹೇಳಿದ್ದನ್ನು ಸರಿಯಾಗಿ ಕೇಳಿಸಿಕೊಂಡಿದ್ದರೆ ಈ ಲೆಕ್ಕ ಹಾಕುತ್ತಿರಲಿಲ್ಲ.

ಪೂಲ್‌ನಲ್ಲಿ ನಿಯಮಗಳು ಜಾಸ್ತಿ. ನೈಲಾನ್ ಕಾಸ್ಟ್ಯೂಮ್ ಬೇಕು, ತಲೆಗೆ ಕ್ಯಾಪ್ ಬೇಕು, ಮೊದಲು ಶವರ್‌ನಲ್ಲಿ ನೆನೆಯಬೇಕು. ತೇಲುವುದರ ಗುಟ್ಟು ಕಂಡುಹಿಡಿದ ಆರ್ಕಿಮಿಡೀಸ್ ಸ್ನಾನದ ತೊಟ್ಟಿಯಿಂದೆದ್ದು ಬೆತ್ತಲೆ ಓಡಿದ ಅಂತ ಕಥೆ ಇದೆಯಲ್ಲ, ಆ ಮಹಾನುಭಾವನನ್ನು ಇಲ್ಲಿ ಗೇಟಿನಲ್ಲೇ ತಡೆದು ಕಾಸ್ಟ್ಯೂಮ್ ಎಲ್ಲಿ ಅಂತ ಕೇಳುತ್ತಿದ್ದರು.

ಕೋಚ್ ಇಪ್ಪತ್ಮೂರರ ಹುಡುಗ. "ಏನೂ ಮಾಡ್ಬೇಡಿ ಸಾರ್. ಅಂಗಾತ ಮಲಗಿ. ನೀರೇ ಎತ್ಕೊಳ್ಳುತ್ತೆ" ಅಂದ. ಷಡ್ಡಕ ಮಲಗಿದ. ಅವನಿಗೂ ಅದು ಮೊದಲ ದಿನವೇ. ನೀರು ಅವನನ್ನು ಎತ್ತಿಕೊಂಡಿತು. ಕಾಲಿನ ಹೆಬ್ಬೆರಳು ಎರಡು ಮೇಲೆ, ನಡುವೆ ಹೊಟ್ಟೆ ದ್ವೀಪದಂತೆ, ಆಚೆ ತುದಿಯಲ್ಲಿ ಒಂದು ನಗುಮುಖ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ದಿವಾನದ ಮೇಲೆ ಬೀಳುವಂತೆ ಬಿದ್ದುಕೊಂಡ. "ಅಣ್ಣಾ, ಏನೂ ಇಲ್ಲ ಇದ್ರಲ್ಲಿ. ಸುಮ್ನೆ ಮಲಗೋದು" ಅಂತ ಬೇರೆ ಹೇಳಿದ.

ನಾನೂ ಸುಮ್ನೆ ಮಲಗಿದೆ. ಮೊದಲು ಕಾಲು ಹೋಯಿತು, ಆಮೇಲೆ ಸೊಂಟ, ಕೊನೆಗೆ ಮರ್ಯಾದೆ.

ಒಂದು ವಾರ ಇದೇ ನಡೆಯಿತು. ಕೊನೆಗೆ ಕನ್ನಡಕ ಹಾಕಿಕೊಂಡು ಓದಲು ಕೂತೆ. ವಿಷಯ ಸರಳವಾಗಿದೆ. ನೀರಿನಲ್ಲಿ ಎಷ್ಟು ಜಾಗ ಹಿಡಿಯುತ್ತೇವೋ ಅಷ್ಟು ಜಾಗದ ನೀರಿನ ತೂಕದಷ್ಟು ಬಲದಿಂದ ನೀರು ನಮ್ಮನ್ನು ಮೇಲಕ್ಕೆ ನೂಕುತ್ತದೆ. ನಮ್ಮ ತೂಕ ಅದಕ್ಕಿಂತ ಕಡಿಮೆಯಿದ್ದರೆ ತೇಲು, ಜಾಸ್ತಿಯಿದ್ದರೆ ಮುಳುಗು. ಒಟ್ಟು ಎಷ್ಟು ಕೆಜಿ ಇದ್ದೀರಿ ಅಂತ ನೀರು ಕೇಳುವುದೇ ಇಲ್ಲ. ಒಂದು ಲೀಟರ್ ಜಾಗದಲ್ಲಿ ಎಷ್ಟು ತೂಕ ತುಂಬಿಕೊಂಡಿದ್ದೀರಿ ಅನ್ನುವುದಷ್ಟೇ ಅದಕ್ಕೆ ಬೇಕು. ಒಂದು ಲೀಟರ್ ನೀರು ಒಂದು ಕೆಜಿ. ಅಷ್ಟೇ ಜಾಗದ ಕೊಬ್ಬು ಸುಮಾರು 900 ಗ್ರಾಂ. ಮಾಂಸಖಂಡ ಸುಮಾರು 1060 ಗ್ರಾಂ. ಮೂಳೆ ಇನ್ನೂ ಭಾರ. ಅಂದರೆ ಇಷ್ಟು ವರ್ಷ ನಾವೆಲ್ಲ ಆಡಿಕೊಂಡು ನಗುತ್ತಿದ್ದ ಷಡ್ಡಕನ ಹೊಟ್ಟೆ ನೀರಿನ ಲೆಕ್ಕದಲ್ಲಿ ಹುಟ್ಟುಡುಗೆಯ ಲೈಫ್ ಜಾಕೆಟ್ಟು. ನಾನೋ, ಮೂಳೆ ಚೀಲ. ಅಜ್ಜಿ ಹೇಳಿದ್ದು ವಿಜ್ಞಾನದ ಪ್ರಕಾರ ಸರಿಯಾಗಿಯೇ ಇತ್ತು. ಅದು ಹೊಗಳಿಕೆಯಲ್ಲ ಅನ್ನುವುದು ಮಾತ್ರ ನನಗೆ ಗೊತ್ತಿರಲಿಲ್ಲ.

ಮೈಯಲ್ಲಿ ಕೊಬ್ಬಿನ ಪಾಲು ಸರಾಸರಿ ಹೆಚ್ಚಿರುವುದರಿಂದ ಹೆಂಗಸರು ಸಾಮಾನ್ಯವಾಗಿ ಗಂಡಸರಿಗಿಂತ ಸುಲಭವಾಗಿ ತೇಲುತ್ತಾರಂತೆ. ಈ ಭಾಗವನ್ನು ಮನೆಯಲ್ಲಿ ಗಟ್ಟಿಯಾಗಿ ಓದಬಾರದಿತ್ತು. ಆವತ್ತು ಕಾಫಿ ಬರಲಿಲ್ಲ.

ನನಗೆ ಸಮಾಧಾನ ಕೊಟ್ಟದ್ದು ಒಬ್ಬ ಜಿಮ್ ಹುಡುಗ. ತೋಳು ಒಂದೊಂದೂ ನನ್ನ ತೊಡೆಯಷ್ಟಿತ್ತು. ಹೊಟ್ಟೆಯ ಮೇಲೆ ಇಟ್ಟಿಗೆ ಜೋಡಿಸಿದ ಹಾಗೆ ಗೆರೆ. ಕನ್ನಡಿ ನೋಡಿಕೊಂಡೇ ಬಂದವನು ನನ್ನ ಪಕ್ಕದಲ್ಲಿ ಮಲಗಿದ, ನನಗಿಂತ ಮೊದಲು ತಳ ಕಂಡ. ಎದ್ದು ಇಬ್ಬರೂ ಮುಖ ಒರೆಸಿಕೊಂಡು ಒಬ್ಬರನ್ನೊಬ್ಬರು ನೋಡಿದೆವು. ಅದರಲ್ಲಿ ಒಂದು ಬಂಧುತ್ವವಿತ್ತು.

ನೀರನ್ನೇ ಬದಲಾಯಿಸಿದರೆ ಹೇಗೆ ಅಂತಲೂ ಯೋಚಿಸಿದೆ. ಉಪ್ಪು ನೀರು ಸಿಹಿ ನೀರಿಗಿಂತ ಭಾರ, ಹಾಗಾಗಿ ಹೆಚ್ಚು ಬಲವಾಗಿ ಮೇಲೆತ್ತುತ್ತದೆ. ಡೆಡ್ ಸೀಯಲ್ಲಿ ಸಮುದ್ರಕ್ಕಿಂತ ಹತ್ತು ಪಟ್ಟಿನ ಹತ್ತಿರ ಉಪ್ಪಿದೆ, ಅಲ್ಲಿ ಮುಳುಗಬೇಕೆಂದರೂ ಕಷ್ಟ. ನಾನು ಅಷ್ಟು ದುರಾಸೆ ಪಡಲಿಲ್ಲ. ಮಾಮೂಲಿ ಸಮುದ್ರದಷ್ಟು ಸಾಕು ಅಂತ ಲೆಕ್ಕ ಹಾಕಿದೆ. ಪೂಲ್ 25 ಮೀಟರ್ ಉದ್ದ, 12 ಮೀಟರ್ ಅಗಲ, ಸರಾಸರಿ ಆಳ ಒಂದೂವರೆ ಮೀಟರ್ ಅಂತಿಟ್ಟುಕೊಂಡರೆ ನಾಲ್ಕೂವರೆ ಲಕ್ಷ ಲೀಟರ್ ನೀರು. ಲೀಟರಿಗೆ 35 ಗ್ರಾಂ ಉಪ್ಪು. 50 ಕೆಜಿಯ ಮೂಟೆ 315 ಬೇಕು. ಇಷ್ಟಕ್ಕೆ ನನಗೆ ಸಿಗುವ ಹೆಚ್ಚಿನ ಆಸರೆ ಒಂದೂವರೆ ಕೆಜಿಗಿಂತ ಸ್ವಲ್ಪ ಕಡಿಮೆ. ಆದರೂ ಕೋಚ್ ಕಿವಿಗೆ ಹಾಕಿದೆ. "ಈಜೋಕೆ ಬಂದಿದೀರೋ, ಉಪ್ಪಿನಕಾಯಿ ಹಾಕೋಕೆ ಬಂದಿದೀರೋ ಸಾರ್?" ಅಂದ.

ಕೊನೆಗೆ ಜ್ಞಾನೋದಯವಾಗಿದ್ದು ಷಡ್ಡಕನ ಮನೆಯ ಅಡುಗೆಮನೆಯಲ್ಲಿ. ನಾದಿನಿ ಪೂರಿ ಕರಿಯುತ್ತಿದ್ದಳು. ಹಿಟ್ಟಿನ ಹಾಳೆ ಎಣ್ಣೆಗೆ ಬಿದ್ದಾಗ ನೇರ ತಳಕ್ಕೆ ಹೋಯಿತು. ಸದ್ಯ, ನನ್ನ ಜಾತಿಯದೇ ಅಂದುಕೊಂಡೆ. ಅಷ್ಟರಲ್ಲಿ ಮೇಲೆ ಬಂದು, ಬುಸ್ಸನೆ ಉಬ್ಬಿ, ತೇಲತೊಡಗಿತು. ತೂಕವೇನೂ ಕಡಿಮೆ ಮಾಡಿಕೊಂಡಿರಲಿಲ್ಲ. ಒಳಗೆ ಆವಿ ತುಂಬಿಕೊಂಡು ಜಾಗ ಜಾಸ್ತಿ ಹಿಡಿದಿತ್ತು, ಅಷ್ಟೇ. ಒಂದು ಪೂರಿ ಮಾತ್ರ ಉಬ್ಬಲೇ ಇಲ್ಲ. ನಾದಿನಿ ಜಾಲರಿಯಿಂದ ಎತ್ತಿ ನೋಡಿ, "ಇದು ತೂತಾಗಿದೆ ಭಾವ" ಅಂದಳು.

ಆ ತೂತು ನನಗೆ ಕಣ್ಣಿಗೆ ಕಟ್ಟಿದ ಹಾಗಾಯಿತು. ನನ್ನ ತೂತು ನನ್ನ ಬಾಯಿ.

ದೊಡ್ಡವರ ಶ್ವಾಸಕೋಶ ಪೂರ್ತಿ ತುಂಬಿದರೆ ಐದಾರು ಲೀಟರ್ ಗಾಳಿ ಹಿಡಿಯುತ್ತದೆ. ನಾವು ಸುಮ್ಮನಿದ್ದಾಗ ಎಳೆದುಕೊಳ್ಳುವುದು ಬರೀ ಅರ್ಧ ಲೀಟರ್. ಎದೆ ತುಂಬ ಉಸಿರೆಳೆದು ಹಿಡಿದರೆ ಹೆಚ್ಚಿನವರು ತೇಲುತ್ತಾರೆ. ಪೂರ್ತಿ ಬಿಟ್ಟರೆ ಹೆಚ್ಚಿನವರು ಮುಳುಗುತ್ತಾರೆ. ನಾನು ಮಾಡುತ್ತಿದ್ದದ್ದೇನು? ಮಲಗಿದ ಕ್ಷಣದಿಂದ ಮಾತು. "ಕೈ ಹೀಗಿಡ್ಲಾ? ಕಾಲು ಹೋಗ್ತಿದೆ ಅಲ್ವಾ? ನೋಡಪ್ಪಾ, ಹಿಡ್ಕೋ, ಮುಳುಗ್ತಿದೀನಿ!" ಒಂದೊಂದು ಮಾತಿಗೂ ಒಂದಿಷ್ಟು ಗಾಳಿ ಖರ್ಚು. ಮುಳುಗುತ್ತಿದ್ದೇನೆ ಅಂತ ಕೂಗಿದ್ದರಿಂದಲೇ ಮುಳುಗುತ್ತಿದ್ದೆ. ಇದನ್ನು ಹೆಂಡತಿಗೆ ವಿವರಿಸಿದೆ. ಅವಳು "ಇದನ್ನ ತಿಳ್ಕೊಳ್ಳೋಕೆ ನೀರಿಗೇ ಹೋಗ್ಬೇಕಿತ್ತೇನ್ರೀ?" ಅಂದಳು.

ಇನ್ನೊಂದು ತಪ್ಪನ್ನು ಕೋಚ್ ಹೇಳಿದ. ಕಿವಿಗೆ ನೀರು ಹೋಗುತ್ತದೆ ಅಂತ ನಾನು ತಲೆ ಎತ್ತಿಕೊಂಡೇ ಮಲಗುತ್ತಿದ್ದೆ. ತಲೆ ಅಂದರೆ ಕಡಿಮೆ ಅಲ್ಲ, ನಾಲ್ಕೂವರೆ ಐದು ಕೆಜಿ ತೂಗುತ್ತದೆ. (ನನ್ನದು ಖಾಲಿ, ಹಗುರ ಅಂತ ಷಡ್ಡಕ ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ.) ಅದನ್ನು ನೀರಿಂದ ಹೊರಗಿಟ್ಟರೆ ಅಷ್ಟೂ ಭಾರವನ್ನು ಉಳಿದ ಮೈ ಹೊರಬೇಕು. ಮೊದಲೇ ಗಾಳಿ ಇರುವುದು ಎದೆಯಲ್ಲಿ, ಭಾರ ಇರುವುದು ಸೊಂಟ, ಕಾಲುಗಳಲ್ಲಿ. ತಕ್ಕಡಿ ಕಾಲಿನ ಕಡೆ ವಾಲಿಯೇ ವಾಲುತ್ತದೆ. ಅದಕ್ಕೆ ಕಿವಿ ಮುಳುಗಬೇಕು, ಗಲ್ಲ ಮೇಲಿರಬೇಕು, ಕೈ ಎರಡನ್ನೂ ತಲೆಯ ಹಿಂದೆ ನೀರೊಳಗೇ ಚಾಚಬೇಕು. ಆಗ ಭಾರ ತಲೆಯ ಕಡೆಗೂ ಸ್ವಲ್ಪ ಸರಿಯುತ್ತದೆ.

ಮಾರನೆಯ ಬೆಳಿಗ್ಗೆ ಯಾರಿಗೂ ಹೇಳದೆ ನಾಲ್ಕಡಿ ಆಳದ ಮೂಲೆಗೆ ಹೋದೆ. ಎದೆ ತುಂಬ ಉಸಿರೆಳೆದೆ. ಬಾಯಿಗೆ ಬೀಗ ಹಾಕಿದೆ. ಕಿವಿಯನ್ನು ನೀರಿಗೆ ಕೊಟ್ಟೆ. ಕೈ ಚಾಚಿದೆ. ಕಾಲು ಎಂದಿನಂತೆ ಕೆಳಗೆ ಹೊರಟಿತು. ಅರ್ಧ ದಾರಿಯಲ್ಲಿ ನಿಂತಿತು. ನಾನು ಓರೆಯಾಗಿ, ಗೋಡೆಗೆ ಒರಗಿಸಿಟ್ಟ ಏಣಿಯ ಹಾಗೆ, ನೀರಿನಲ್ಲಿ ನಿಂತುಬಿಟ್ಟೆ. ಮೂಗು, ಬಾಯಿ, ಕಣ್ಣು ಮಾತ್ರ ಹೊರಗೆ. ಷಡ್ಡಕನ ವೈಭವ ಇರಲಿಲ್ಲ, ನಿಜ. ಆದರೆ ತೇಲುತ್ತಿದ್ದೆ.

ಚೂರೇ ಚೂರು ಉಸಿರು ಬಿಟ್ಟು, ತಕ್ಷಣ ಮತ್ತೆ ತುಂಬಿಕೊಳ್ಳುತ್ತಿದ್ದೆ. ಲೋಕದ ಸದ್ದೆಲ್ಲ ನಿಂತುಹೋಗಿತ್ತು. ಮೇಲೆ ಆಕಾಶ, ಒಂದು ಹದ್ದು, ದೂರದಲ್ಲಿ ಪಂಪಿನ ಗುಂಯ್ ಅನ್ನುವ ಶಬ್ದ. ಮೂವತ್ತೆಂಟು ವರ್ಷ ಬರೀ ಚಪ್ಪಲಿ ಕಾದೆನಲ್ಲ ಅಂತ ಹೊಟ್ಟೆ ಉರಿಯಿತು. ಕಣ್ಣು ಮುಚ್ಚಿಕೊಂಡೆ.

ಬ್ಯಾಚ್ ಮುಗಿದಿದೆ ಅಂತ ಕೋಚ್ ವಿಸಿಲ್ ಊದಿದ್ದನಂತೆ. ಎಲ್ಲರೂ ಮೇಲೆ ಬಂದರಂತೆ. ಮತ್ತೆ ಊದಿದನಂತೆ. "ಸಾರ್, ಸಾರ್" ಅಂತ ಕೂಗಿದನಂತೆ. ಷಡ್ಡಕನೂ ದಡದಿಂದ "ಅಣ್ಣಾ" ಅಂದನಂತೆ. ಇದಾವುದೂ ನನಗೆ ಕೇಳಿಸಲಿಲ್ಲ. ಅವರು ನೋಡಿದ್ದಿಷ್ಟೇ. ಒಂದು ವಾರದಿಂದ ಒಂದು ನಿಮಿಷವೂ ಬಾಯಿ ಮುಚ್ಚದಿದ್ದ ಮನುಷ್ಯ ಮೂಲೆಯಲ್ಲಿ ಕಣ್ಣು ಮುಚ್ಚಿ, ಮಾತಿಲ್ಲದೆ, ಅಲುಗಾಡದೆ ನೀರಿನಲ್ಲಿದ್ದಾನೆ.

ದೊಡ್ಡದೊಂದು ಅಲೆ ಬಂದು ನನ್ನ ಮೂಗಿಗೆ ನುಗ್ಗಿತು. ಅದರ ಹಿಂದೆಯೇ ಕೋಚ್. ಕಂಕುಳಲ್ಲಿ ಕೈ ಹಾಕಿ ಎಳೆದ. ಹೆದರಿ "ಅಯ್ಯಯ್ಯೋ!" ಅಂತ ಕಿರುಚಿದೆ. ಇದ್ದ ಐದಾರು ಲೀಟರ್ ಗಾಳಿಯೂ ಆ ಒಂದೇ ಕೂಗಿಗೆ ಹೋಯಿತು. ಅವನ ಕುತ್ತಿಗೆ ಹಿಡಿದುಕೊಂಡೇ ತಳಕ್ಕೆ ಹೋದೆ. ಅವನೂ ಬಂದ.

ಎದ್ದು ನಿಂತಾಗ ನೀರು ನಮ್ಮ ಎದೆಮಟ್ಟಕ್ಕಿತ್ತು. ದಡದ ಮೇಲೆ ಇಡೀ ಬ್ಯಾಚು ಟವೆಲ್ ಸುತ್ತಿಕೊಂಡು ನೋಡುತ್ತಿತ್ತು. ಕೋಚ್ ಕೆಮ್ಮಿ, ಕಣ್ಣು ಉಜ್ಜಿಕೊಂಡು, ವಿಸಿಲ್‌ನೊಳಗಿನ ನೀರನ್ನು ಕೊಡವಿದ.

"ತೇಲೋದಾದ್ರೆ ಮೊದ್ಲೇ ಹೇಳ್ಬಿಡಿ ಸಾರ್" ಅಂದ.